ಚೆನ್ನಿಕ್ಕುತ್ತಿಗೆ ಕುತ್ತೇ ಮದ್ದಾ?

ಕಾಸರಗೋಡಿನ ನಮಗೆ ಈ ಕಾಯಿಲೆಗೆ ಎರಡು ಹೆಸರು. ಮನೆಯಲ್ಲಿ ಅರೆತಲೆನೋವು, ಮೆಡಿಕಲ್ ಶಾಪಿನಲ್ಲಿ ಮಲಯಾಳದ ಚೆನ್ನಿಕ್ಕುತ್ತು. ಚೆನ್ನಿ ಅಂದ್ರೆ ಕಣತಲೆ, ಕುತ್ತು ಅಂದ್ರೆ ಚುಚ್ಚುವುದು. ಅತ್ತಿಗೆಗೆ ಇದು ಬಂದರೆ ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯ ಕಡೆ ಕಣ್ಣೆತ್ತಲಿಕ್ಕೂ ಆಗುವುದಿಲ್ಲ. ಕತ್ತಲೆ ಕೋಣೆ, ಹಣೆಗೆ ಒದ್ದೆ ಬೈರಾಸು, ಮಂಚದ ಪಕ್ಕ ವಾಂತಿಗೊಂದು ಬಾಲ್ದಿ.

ಕಳೆದ ವರ್ಷ ಗಡಿಯ ತಲಪಾಡಿ ದಾಟಿ ಹೋಗಿ ಅಕ್ಯುಪಂಕ್ಚರ್ ಸೂಜಿ ಚುಚ್ಚಿಸಿಕೊಂಡರು. ತಿಂಗಳಿಗೆ ಎಂಟು ಸಲ ಬರುತ್ತಿದ್ದದ್ದು ಮೂರು ನಾಲ್ಕಕ್ಕೆ ಇಳಿಯಿತು. ಅಣ್ಣ ನಕ್ಕದ್ದೇ ನಕ್ಕದ್ದು. "ಎಲ್ಲ ಮನಸ್ಸಿನದ್ದು ಮಾರಾಯ್ತಿ!"

ಈ 'ಮನಸ್ಸಿನದ್ದು' ಅನ್ನುವ ಮಾತೇ ನನಗೆ ಆಗುವುದಿಲ್ಲ. ಮನಸ್ಸಿನದ್ದಾದರೆ ಸುಳ್ಳಾ?

1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಹ್ಯೂಸ್ ಮತ್ತು ಕಾಸ್ಟರ್ಲಿಟ್ಜ್ ಹಂದಿಯ ಮೆದುಳಿನಿಂದ ಎನ್ಕೆಫಾಲಿನ್ ಬೇರ್ಪಡಿಸಿದರು. ನೋವು ತಗ್ಗಿಸುವ ಅಫೀಮಿನ ನಂಟ ಅದು, ನಮ್ಮ ಮೈಯೊಳಗೂ ತಯಾರಾಗುತ್ತದೆ. 1977ರಲ್ಲಿ ಅಮೆರಿಕದ ಮೇಯರ್ ತಂಡದವರು ಸೂಜಿ ಚುಚ್ಚಿ ಹಲ್ಲಿನ ನೋವು ತಗ್ಗಿಸಿದರು, ಆಮೇಲೆ ನಲಾಕ್ಸೋನ್ ಕೊಟ್ಟರು. ಅದು ಅಫೀಮಿನ ಮಾರ್ಫಿನ್ ಹೋಗಿ ಕೂರುವ ಜಾಗವನ್ನು ಮೊದಲೇ ಹಿಡಿದುಕೊಳ್ಳುವ ಮದ್ದು. ಸೂಜಿಯ ಗುಣ ಹೋಯಿತು! ಮರುವರ್ಷ ಲೆವೀನ್, ಗಾರ್ಡನ್, ಫೀಲ್ಡ್ಸ್ ಹಲ್ಲು ಕೀಳಿಸಿಕೊಂಡವರನ್ನು ನೋಡಿದರು. ಸುಮ್ನೆ ಕೊಟ್ಟ ಹುಸಿಮದ್ದಿನಿಂದ ಆರಾಮ ಆದವರಿಗೂ ನಲಾಕ್ಸೋನ್ ಕೊಟ್ಟ ಮೇಲೆ ನೋವು ಜಾಸ್ತಿಯಾಯಿತು. ಅಂದರೆ ಅಣ್ಣನ 'ಮನಸ್ಸು' ಕೂಡ ಕೆಲಸ ಮಾಡುವುದು ಮೈಯೊಳಗಿನ ಮದ್ದಿನಿಂದಲೇ.

ಹಾಗಂತ ಸೂಜಿಯವರು ಹೇಳುವುದೆಲ್ಲ ಸರಿ ಅಂತಲ್ಲ. ಹಲ್ಲಿನ ಪ್ರಯೋಗ ಒಂದು ದಿನದ್ದು, ಅರೆತಲೆನೋವು ವರ್ಷಗಟ್ಟಲೆಯದ್ದು. ಮದ್ದುಗಳ ಪ್ರಯೋಗಗಳನ್ನು ಒಟ್ಟುಹಾಕಿ ತೂಗುವ ಕಾಕ್ರೇನ್ ಸಂಸ್ಥೆಯ 2016ರ ವಿಮರ್ಶೆ 22 ಪ್ರಯೋಗಗಳನ್ನು, ಸುಮಾರು 5,000 ಜನರನ್ನು ನೋಡಿತು. ನಿಜವಾದ ಸೂಜಿ ಹಾಕಿಸಿಕೊಂಡವರಲ್ಲಿ ನೂರಕ್ಕೆ 50 ಮಂದಿಗೆ ನೋವು ಬರುವುದು ಅರ್ಧಕ್ಕಿಳಿಯಿತು. ತೋರಿಕೆಗೆ ಮಾತ್ರ ಚುಚ್ಚಿಸಿಕೊಂಡವರಲ್ಲಿ 41. ಆ ಒಂಬತ್ತಕ್ಕಾಗಿ ಸೂಜಿಯವರ ಗೋಡೆಯ ಮೇಲೆ, ಎಲ್ಲೆಲ್ಲಿ ಚುಚ್ಚಬೇಕೆಂದು ತೋರಿಸುವ ಅಷ್ಟು ದೊಡ್ಡ ನಾಡಿಗಳ ನಕ್ಷೆ ಬೇಕಾ? ನನಗಂತೂ ಡೌಟು.

ಇನ್ನೊಂದು ತಮಾಷೆ ನೋಡಿ. ಮೈಯೊಳಗಿನ ಅಫೀಮು ಒಳ್ಳೆಯದು, ಹೊರಗಿನದ್ದು, ಅಂದರೆ ಅಫೀಮಿನ ಜಾತಿಯ ಮಾತ್ರೆ, ತಿಂಗಳಿಗೆ ಹತ್ತು ದಿನದಂತೆ ತಿಂಗಳುಗಟ್ಟಲೆ ತಿಂದರೆ ಅದರಿಂದಲೇ ತಲೆನೋವು ಶುರುವಾಗಬಹುದು. ಸಾದಾ ನೋವಿನ ಮಾತ್ರೆಗೆ ಹದಿನೈದು ದಿನದ ಲೆಕ್ಕ.

ನನಗೆ ಸಿಟ್ಟು ಬಂದದ್ದು ಬೇರೆಯದಕ್ಕೆ. ಆರನೇ ವಾರ ಸೂಜಿಯವರು ಅತ್ತಿಗೆಗೆ ಹೇಳಿದರಂತೆ, "ಇನ್ನು ಡಾಕ್ಟರ ಮಾತ್ರೆ ಬಿಡಿ, ಆರು ತಿಂಗಳ ಪ್ಯಾಕೇಜ್ ತೆಗೆದುಕೊಳ್ಳಿ." ಅತ್ತಿಗೆ ತಿನ್ನುತ್ತಿದ್ದದ್ದು ಅರೆತಲೆನೋವು ಬಾರದಂತೆ ತಡೆಯಲು ಕೊಡುವ ಪ್ರೊಪ್ರನೊಲಾಲ್. ಥಟ್ಟನೆ ನಿಲ್ಲಿಸಿದರೆ ಹೃದಯಕ್ಕೇ ತೊಂದರೆ ಕೊಡಬಹುದಾದ ಮದ್ದು, ಅಲ್ವಾ?

ಅತ್ತಿಗೆ ಮಾತ್ರೆ ಬಿಡಲಿಲ್ಲ. ಈಗ ಬೇರೆ ಕಡೆ ಹೋಗಿ ಚುಚ್ಚಿಸಿಕೊಳ್ಳುತ್ತಾರೆ, ಒಂದೊಂದೇ ಸಲದ ದುಡ್ಡು ಕೊಟ್ಟು. ಕಾರು ಬಿಡುವುದು ಅಣ್ಣನೇ, ನಗುತ್ತಾ.