ಮಗುವಿನ ತಪ್ಪು ಉತ್ತರಕ್ಕೂ ಒಂದು ಲೆಕ್ಕ ಇರುತ್ತದೆ

ಮಕ್ಕಳ ಮನಶ್ಶಾಸ್ತ್ರ ಅಂದ ತಕ್ಷಣ ಎಲ್ಲರೂ ವಯಸ್ಸಿನ ಪಟ್ಟಿ ಹುಡುಕುತ್ತಾರೆ. ಎರಡಕ್ಕೆ ಇದು ಬರಬೇಕು, ಏಳಕ್ಕೆ ಅದು ಬರಬೇಕು. ಪರೀಕ್ಷೆಗೆ ಓದುವವರಂತೂ ಸ್ವಿಸ್ ಮನಶ್ಶಾಸ್ತ್ರಜ್ಞ ಪಿಯಾಜೆ ಹೇಳಿದ, ಮಕ್ಕಳ ಯೋಚನೆ ಬೆಳೆಯುವ ನಾಲ್ಕು ಹಂತಗಳನ್ನು ಮಗ್ಗಿಯ ಹಾಗೆ ಉರು ಹೊಡೆಯುತ್ತಾರೆ. ನನ್ನ ಪ್ರಕಾರ ಆ ಪಟ್ಟಿಗಿಂತ ಅದು ಹುಟ್ಟಿದ ಬಗೆಯೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

1920ರ ಸುಮಾರಿಗೆ ಪಿಯಾಜೆ ಪ್ಯಾರಿಸ್‌ನಲ್ಲಿ ಮಕ್ಕಳ ಬುದ್ಧಿ ಅಳೆಯುವ ಪರೀಕ್ಷೆಗಳ ಕೆಲಸದಲ್ಲಿದ್ದರು. ಎಲ್ಲರಿಗೂ ಬೇಕಿದ್ದದ್ದು ಸರಿ ಉತ್ತರ. ಇವರ ಕಣ್ಣು ಬಿದ್ದದ್ದು ತಪ್ಪು ಉತ್ತರಗಳ ಮೇಲೆ. ಒಂದೇ ವಯಸ್ಸಿನ ಮಕ್ಕಳು ಹೆಚ್ಚುಕಮ್ಮಿ ಒಂದೇ ಥರ ತಪ್ಪುತ್ತಿದ್ದರು. ಸುಮ್ನೆ ಬಾಯಿಗೆ ಬಂದದ್ದು ಹೇಳಿದ್ದರೆ ಹಾಗಾಗುತ್ತಿರಲಿಲ್ಲ, ಅಲ್ವಾ?

ಅವರ ಪ್ರಸಿದ್ಧ ಪ್ರಯೋಗವೊಂದನ್ನು ನೋಡಿ. ಮಗುವಿನ ಮುಂದೆ ಎರಡು ಸಾಲು ಬಿಲ್ಲೆ ಇಡಿ, ಒಂದಕ್ಕೊಂದು ಎದುರಾಗಿ. ಎರಡೂ ಸಮ ಅಂತ ಮಗು ಒಪ್ಪುತ್ತದೆ. ಈಗ ಒಂದು ಸಾಲಿನ ಬಿಲ್ಲೆಗಳನ್ನು ಸ್ವಲ್ಪ ದೂರ ದೂರ ಸರಿಸಿ ಮತ್ತೆ ಕೇಳಿ. ಐದು ವರ್ಷದ ಮಗು ಉದ್ದ ಸಾಲನ್ನು ತೋರಿಸಿ “ಇದರಲ್ಲಿ ಜಾಸ್ತಿ” ಅನ್ನಬಹುದು. ಒಂದು ಬಿಲ್ಲೆಯನ್ನೂ ಸೇರಿಸಿಲ್ಲ, ತೆಗೆದಿಲ್ಲ. ಆದರೂ ಉದ್ದ ಕಂಡಿತು, ಜಾಸ್ತಿ ಅಂದಿತು. ಸಂಖ್ಯೆ ಬದಲಾಗಿಲ್ಲ ಅನ್ನುವುದು ಈ ವಯಸ್ಸಿಗೆ ಇನ್ನೂ ಗಟ್ಟಿಯಾಗಿಲ್ಲ ಅಂತ ಪಿಯಾಜೆ ಹೇಳಿದರು.

ಹಾಗಂತ ಪಿಯಾಜೆ ಮಾತೇ ಕೊನೆಯಲ್ಲ. 1970ರ ದಶಕದಲ್ಲಿ ಮ್ಯಾಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಅನ್ನುವ ಸಂಶೋಧಕರು ಇದೇ ಆಟಕ್ಕೆ ಒಂದು ತುಂಟ ಕರಡಿ ಗೊಂಬೆಯನ್ನು ತಂದರು. ಬಿಲ್ಲೆಗಳನ್ನು ದೊಡ್ಡವರು ಸರಿಸಲಿಲ್ಲ, ಗೊಂಬೆ ಬಂದು ಚೆಲ್ಲಾಪಿಲ್ಲಿ ಮಾಡಿತು. ಆಗ ನಾಲ್ಕರಿಂದ ಆರು ವರ್ಷದ ಎಷ್ಟೋ ಜಾಸ್ತಿ ಮಕ್ಕಳು “ಸಮ ಇದೆ” ಅಂದರು. ಬಿಲ್ಲೆ ಅವೇ, ಪ್ರಶ್ನೆ ಅದೇ. ಹಾಗಾದರೆ ಮೊದಲಿನ ತಪ್ಪು ಎಲ್ಲಿಂದ ಬಂತು? ದೊಡ್ಡವರು ಬೇಕಂತಲೇ ಏನೋ ಮಾಡಿ, ಕೇಳಿದ್ದನ್ನೇ ಮತ್ತೆ ಕೇಳಿದರೆ, ಇವರಿಗೆ ಬೇರೆ ಉತ್ತರ ಬೇಕೇನೋ ಅಂತ ಮಗು ಅಂದುಕೊಳ್ಳಬಹುದು. ನನಗಂತೂ ಇದು ಬಹಳ ಜಾಣ ಊಹೆ ಅನ್ನಿಸುತ್ತದೆ!

ಹೋಂವರ್ಕ್ ಹೊತ್ತಿನಲ್ಲಿ ಗಮನಿಸಿ. ಮಗು ಸರಿ ಉತ್ತರವನ್ನೇ ಹೇಳಿರುತ್ತದೆ. ನಾವು “ಹೌದಾ? ಸರಿಯಾಗಿ ನೋಡು” ಅಂತೀವಿ. ಅದು ಪುಸ್ತಕ ನೋಡುವುದಿಲ್ಲ, ನಮ್ಮ ಮುಖ ನೋಡುತ್ತದೆ. ಉತ್ತರ ಬದಲಾಗುತ್ತದೆ. ಆಮೇಲೆ “ಇವನಿಗೆ ಕಾನ್ಫಿಡೆನ್ಸ್ ಇಲ್ಲ” ಅಂತ ನಾವೇ ಷರಾ ಬರೆಯುತ್ತೇವೆ.

ಇನ್ನೊಂದು ಪ್ರಯೋಗ 1983ರದ್ದು, ವಿಮ್ಮರ್ ಮತ್ತು ಪೆರ್ನರ್ ಅನ್ನುವ ಮನಶ್ಶಾಸ್ತ್ರಜ್ಞರದ್ದು. ಮಕ್ಕಳಿಗೆ ಒಂದು ಕತೆ ಹೇಳಿ ಪ್ರಶ್ನೆ ಕೇಳುತ್ತಾರೆ. ಹುಡುಗನೊಬ್ಬ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಹೊರಗೆ ಹೋಗುತ್ತಾನೆ. ಅಮ್ಮ ಅದನ್ನು ಇನ್ನೊಂದು ಕಪಾಟಿಗೆ ಹಾಕುತ್ತಾಳೆ. ಅವನು ವಾಪಸ್ ಬಂದು ಎಲ್ಲಿ ಹುಡುಕುತ್ತಾನೆ? ಮೂರು ವರ್ಷದ ಮಕ್ಕಳು ಸಾಮಾನ್ಯವಾಗಿ ಈಗ ಚಾಕೊಲೇಟ್ ಇರುವ ಜಾಗವನ್ನೇ ತೋರಿಸುತ್ತಾರೆ. ನನಗೆ ಗೊತ್ತಿರುವುದು ಅವನಿಗೆ ಗೊತ್ತಿಲ್ಲ ಅನ್ನುವುದು ನಾಲ್ಕೈದು ವರ್ಷದ ಹೊತ್ತಿಗೆ ನಿಧಾನಕ್ಕೆ ಹೊಳೆಯುತ್ತದೆ. ನಂಬುವಂಥ ಸುಳ್ಳು ಹೇಳುವುದಕ್ಕೂ ಇದೇ ಬುದ್ಧಿ ಬೇಕು. ಹಾಗಾಗಿ ಆ ವಯಸ್ಸಿನ ಮಗು ಮೊದಲ ಸಲ ಅಚ್ಚುಕಟ್ಟಾಗಿ ಒಂದು ಸುಳ್ಳು ಹೇಳಿದರೆ ತಿದ್ದಿ, ಬೇಡ ಅನ್ನಲ್ಲ. ಆದರೆ “ಮಗು ಕೆಟ್ಟುಹೋಯಿತು” ಅಂತ ಮನೆಯೆಲ್ಲ ಒಂದು ಮಾಡಬೇಕಿಲ್ಲ. ನಿಮ್ಮ ತಲೆಯಲ್ಲಿ ಏನು ಓಡುತ್ತಿದೆ ಅಂತ ಊಹಿಸುವುದನ್ನು ಅದು ಕಲಿತಿದೆ, ಅಷ್ಟೇ.