ಹಳೆಯ ಕಾರನ್ನು ಟಿವಿ ಶೋಗೆ ಕೊಡಬಹುದಾ?

ಪರ: ಕೊಡಿ, ಷರತ್ತು ಮಾತ್ರ ನಿಮ್ಮದಿರಲಿ

2004ರಲ್ಲಿ ಬಿಬಿಸಿಯ 'ಟಾಪ್ ಗೇರ್' ಅನ್ನುವ ಕಾರುಗಳ ಶೋಗೆ ಒಂದು ಫೆರಾರಿ ಎಂಜೋ ಬೇಕಿತ್ತು. ಪಿಂಕ್ ಫ್ಲಾಯ್ಡ್ ಬ್ಯಾಂಡಿನ ಡ್ರಮ್ಮರ್ ನಿಕ್ ಮೇಸನ್ ಹತ್ತಿರ ಒಂದಿತ್ತು. ಕೊಡ್ತೀನಿ, ಆದರೆ ನನ್ನ ಹೊಸ ಪುಸ್ತಕಕ್ಕೆ ಪ್ರಚಾರ ಕೊಡಬೇಕು ಅಂದರು ಅವರು. ನಿರೂಪಕ ಜೆರೆಮಿ ಕ್ಲಾರ್ಕ್ಸನ್ ಕಾರಿನ ಬಗ್ಗೆ ಮಾತಾಡುತ್ತಲೇ ಪಿಂಕ್ ಫ್ಲಾಯ್ಡ್ ಆಲ್ಬಂಗಳ ಹೆಸರುಗಳನ್ನು ನಡುನಡುವೆ ತುರುಕಿ ಆ ಋಣ ತೀರಿಸಿದರು.

ಎಂಜೋ ಆಗ ಹೊಸ ಕಾರು, ನಿಜ. ಆದರೆ ಈ ಕತೆಯಲ್ಲಿ ಯಾರು ಯಾರ ಮನೆ ಬಾಗಿಲು ತಟ್ಟಿದರು ಅನ್ನೋದನ್ನು ನೋಡಿ. ಟಿವಿಯವರಿಗೆ ನಿಮ್ಮ ಕಾರು ಬೇಕು. ನಿಮಗೆ ಟಿವಿ ಬೇಕೇ ಬೇಕು ಅಂತೇನಿಲ್ಲ. ಎಷ್ಟೋ ಮಾಲೀಕರು ಇದನ್ನು ಮರೆತು, ಫೋನ್ ಬಂದ ಖುಷಿಯಲ್ಲೇ ತಲೆ ಆಡಿಸಿಬಿಡುತ್ತಾರೆ.

'ನನ್ನ ಕಾರಿಗೆ ಏನಾದರೂ ಆದರೆ?' ಅನ್ನುವವರಿಗೆ ನನ್ನದೊಂದು ಮರುಪ್ರಶ್ನೆ. ಶೆಡ್ಡಿನಲ್ಲಿ ನಿಂತ ಕಾರಿಗೆ ಏನೂ ಆಗಲ್ವಾ? ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಂಡು ಒಳಗಿನ ಸಿಲಿಂಡರಿಗೆ ತುಕ್ಕು ಹಿಡಿಸುತ್ತದೆ. ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲ್ ಆರಿ ಅಂಟಾಗುತ್ತದೆ. ಸೀಲುಗಳು ಒಣಗುತ್ತವೆ. ಟೈರು ನಿಂತಲ್ಲೇ ಚಪ್ಪಟೆಯಾಗುತ್ತದೆ. ಇನ್ನು ಮಾಲೀಕರೇ ಕೈ ಹಾಕಿದರೆ ಅಪಾಯವೇ ಇಲ್ಲ ಅನ್ನೋದೂ ಸುಳ್ಳು. ಅಮೆರಿಕದ ಟಿವಿ ನಿರೂಪಕ ಜೇ ಲೆನೋ ಹಳೆಯ ಕಾರುಗಳ ಶೋವನ್ನೇ ನಡೆಸಿದವರು. 2022ರ ನವೆಂಬರಿನಲ್ಲಿ ಅವರು ತಮ್ಮ ಗ್ಯಾರೇಜಿನಲ್ಲೇ, 1907ರ ವೈಟ್ ಸ್ಟೀಮ್ ಕಾರನ್ನು ರಿಪೇರಿ ಮಾಡುವಾಗ, ಮುಖ ಸುಟ್ಟುಕೊಂಡರು.

ಶೂಟಿಂಗ್ ದಿನ ನಿಗದಿಯಾದರೆ ಏನಾಗುತ್ತೆ ಗೊತ್ತಾ? ನೆಂಟರು ಬರ್ತಾರೆ ಅಂದಾಗ ಮನೆ ಗುಡಿಸಿದ ಹಾಗೆ. ವರ್ಷಗಟ್ಟಲೆ 'ನಾಳೆ ನೋಡೋಣ' ಅಂತ ಮುಂದೂಡಿದ ಬ್ರೇಕ್ ಹೋಸು, ಸೋರುವ ಗ್ಯಾಸ್ಕೆಟ್ಟು, ಮಿಣುಕುವ ಮೀಟರು ಎಲ್ಲವೂ ಎರಡೇ ವಾರದಲ್ಲಿ ಸರಿಹೋಗುತ್ತವೆ.

ಮೇಸನ್ ಬಳಿ 1962ರ ಫೆರಾರಿ 250 ಜಿಟಿಒ ಕೂಡ ಇದೆ. ಆ ಕಾರು ತಯಾರಾದದ್ದೇ 36. ಅದನ್ನು ಅವರು ಗಾಜಿನ ಪೆಟ್ಟಿಗೆಯಲ್ಲಿ ಇಡಲಿಲ್ಲ, ರೇಸಿಗೆ ಇಳಿಸಿದರು. ಕಾರು ಅಂದರೆ ಓಡೋದು. ಮ್ಯೂಸಿಯಂನಲ್ಲಿ ಹಗ್ಗದ ಆಚೆ ನಿಂತ ಕಾರನ್ನು ನೋಡಿದವರಿಗೆ ಅದರ ಬಣ್ಣ ಗೊತ್ತಾಗುತ್ತೆ, ದನಿ ಗೊತ್ತಾಗಲ್ಲ. 2009ರಲ್ಲಿ ಟಾಪ್ ಗೇರ್ ಒಂದು ರೇಸ್ ಮಾಡಿತ್ತು, ಲಂಡನ್ನಿನಿಂದ ಎಡಿನ್‌ಬರೋವರೆಗೆ. ಒಂದು ಕಡೆ ಟೊರ್ನಾಡೊ ಅನ್ನುವ ಸ್ಟೀಮ್ ರೈಲು, ಇನ್ನೊಂದು ಕಡೆ ವಿನ್ಸೆಂಟ್ ಬ್ಲ್ಯಾಕ್ ಶ್ಯಾಡೋ ಬೈಕು, ಮತ್ತೊಂದು ಕಡೆ ಜಾಗ್ವಾರ್ ಎಕ್ಸ್‌ಕೆ120. ಗೆದ್ದದ್ದು ಜಾಗ್ವಾರ್. 1948ರಲ್ಲಿ ಬಂದ ಆ ಮಾಡೆಲ್ ಇಡೀ ದಿನ ಹೇಗೆ ಓಡುತ್ತೆ ಅಂತ ಲಕ್ಷಾಂತರ ಜನ ಕೂತಲ್ಲೇ ನೋಡಿದರು. ಅವರಲ್ಲಿ ಯಾವನೋ ಒಬ್ಬ ಹುಡುಗ ಮರುದಿನ ಸ್ಪ್ಯಾನರ್ ಹಿಡಿದಿರುತ್ತಾನೆ. ಹಳೆಯ ಕಾರುಗಳಿಗೆ ಈಗ ಬಿಡಿಭಾಗಕ್ಕಿಂತ ಜಾಸ್ತಿ ಕೊರತೆ ಇರೋದು ಅಂಥ ಹುಡುಗರದ್ದೇ.

ವಿರೋಧ: 'ಇನ್ನೊಂದ್ಸಲ'

ಟಿವಿಯಲ್ಲಿ ನಾಲ್ಕು ನಿಮಿಷ ಕಾಣುವ ಕಾರು ಶೂಟಿಂಗಿನಲ್ಲಿ ಇಡೀ ದಿನ ದುಡಿದಿರುತ್ತದೆ. ಆ ದಿನ ಹೇಗಿರುತ್ತೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ.

ಬೆಳಿಗ್ಗೆ ಚಳಿಯಲ್ಲಿ ಚೋಕ್ ಎಳೆದು ಸ್ಟಾರ್ಟ್ ಮಾಡುತ್ತಾರೆ. ಹತ್ತು ಮೀಟರ್ ಮುಂದಕ್ಕೆ. ಕಟ್. ರಿವರ್ಸ್ ತಗೊಳ್ಳಿ, ಇನ್ನೊಂದ್ಸಲ. ಮೋಡ ಅಡ್ಡ ಬಂತು, ಆಫ್ ಮಾಡಿ. ಬಿಸಿಲು ಬಂತು, ಇನ್ನೊಂದ್ಸಲ. ಎಂಜಿನ್ ಸರಿಯಾಗಿ ಬಿಸಿಯಾಗೋದೇ ಇಲ್ಲ. ಉರಿಯದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಮೇಲಿನ ಆಯಿಲನ್ನು ತೊಳೆದು ಹಾಕುತ್ತದೆ. 'ಚೆಂದ ಕಾಣುತ್ತೆ' ಅಂತ ಹೆಡ್‌ಲೈಟು ಹಾಕಿಸಿರುತ್ತಾರೆ. ಹಳೆಯ ಡೈನಮೋ ಐಡ್ಲಿಂಗ್‌ನಲ್ಲಿ ಚಾರ್ಜ್ ಮಾಡೋದು ಅಷ್ಟಕ್ಕಷ್ಟೇ. ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ಮಲಗುತ್ತದೆ.

ಮಧ್ಯಾಹ್ನ ಕ್ಯಾಮೆರಾ ಗಾಡಿಯ ಹಿಂದೆ ಆಮೆ ನಡಿಗೆ. ಗಾಳಿ ಇಲ್ಲ, ಎಂಜಿನ್ನಿಗೆ ಬೆಲ್ಟಿನಲ್ಲಿ ಕಟ್ಟಿದ ಫ್ಯಾನು ನಿಧಾನಕ್ಕೆ ತಿರುಗುತ್ತದೆ. ಬೆಳಿಗ್ಗೆ ಬಿಸಿಯಾಗದ ಅದೇ ಎಂಜಿನ್ ಈಗ ಕುದಿಯುತ್ತದೆ. ಅರ್ಧ ಕ್ಲಚ್ಚಿನಲ್ಲಿ ದಿಬ್ಬ ಹತ್ತಿಸಿ ಇಳಿಸಿ, ಕ್ಲಚ್ ಪ್ಲೇಟಿನ ಸುಟ್ಟ ವಾಸನೆ ಬರುತ್ತದೆ. ಕ್ಯಾಮೆರಾಗೆ ವಾಸನೆ ಗೊತ್ತಾಗಲ್ಲ.

ಇಷ್ಟೆಲ್ಲ ಮಾಡಿಸುವವರು ಕೆಟ್ಟವರೇನಲ್ಲ. ಅವರ ಕೆಲಸ ಚಿತ್ರ ತೆಗೆಯೋದು, ಕಾರು ಕಾಪಾಡೋದಲ್ಲ. ಸ್ಟೀರಿಂಗ್ ಹಿಡಿಯುವ ನಿರೂಪಕನಿಗೆ ಆ ಕಾರು ಅವತ್ತೇ ಪರಿಚಯ. ಎಕ್ಸ್‌ಕೆ120ರ ಫಸ್ಟ್ ಗೇರಿಗೆ ಸಿಂಕ್ರೋಮೆಶ್ ಇಲ್ಲ, ಅಂದರೆ ಗೇರು ಸಲೀಸಾಗಿ ಕೂರುವಂತೆ ಮಾಡುವ ವ್ಯವಸ್ಥೆ ಇಲ್ಲ. ಉರುಳುತ್ತಿರುವಾಗ ಸುಮ್ನೆ ಫಸ್ಟಿಗೆ ತಳ್ಳಿದರೆ ಕರ್ರ್ ಅನ್ನುತ್ತದೆ. ನಿರೂಪಕ ನಗುತ್ತಾನೆ, ನೋಡುವವರೂ ನಗುತ್ತಾರೆ, ಎಡಿಟರ್ ಆ ಶಾಟನ್ನೇ ಇಟ್ಟುಕೊಳ್ಳುತ್ತಾನೆ. ನಿಮ್ಮ ಗೇರ್‌ಬಾಕ್ಸಿನ ಹಲ್ಲು ಅವರಿಗೆ ಹಾಸ್ಯದ ಸರಕು.

ಅನುಭವಿ ತಂಡ, ಒಳ್ಳೆಯ ಟ್ರ್ಯಾಕು, ಇನ್ನೇನು ಭಯ ಅನ್ನಬೇಡಿ. ಶೋದ ನಿರೂಪಕರಾಗಿದ್ದ ಮಾಜಿ ಕ್ರಿಕೆಟಿಗ ಆಂಡ್ರ್ಯೂ ಫ್ಲಿಂಟಾಫ್ 2022ರ ಡಿಸೆಂಬರಿನಲ್ಲಿ ಟಾಪ್ ಗೇರ್ ಶೂಟಿಂಗಿನಲ್ಲೇ ಮುಖಕ್ಕೆ ತೀವ್ರ ಗಾಯ ಮಾಡಿಕೊಂಡರು. ಅವರು ಕೂತಿದ್ದು ಮೂರು ಚಕ್ರದ, ತೆರೆದ ಮಾರ್ಗನ್ ಕಾರಿನಲ್ಲಿ. ನೋಟ ಹಳೆಯದು, ಗಾಡಿ ಹೊಸದು. ಮರುವರ್ಷ ನವೆಂಬರಿನಲ್ಲಿ ಬಿಬಿಸಿ ಸದ್ಯಕ್ಕೆ ಈ ಶೋ ಇರಲ್ಲ ಅಂದಿತು. ಹೊಸ ಗಾಡಿಯ ಗತಿಯೇ ಇದಾದರೆ ಡ್ರಮ್ ಬ್ರೇಕಿನ, ಸೀಟ್ ಬೆಲ್ಟೂ ಇಲ್ಲದ ಕಾರಿನಲ್ಲಿ ಕೂತವನ ಕತೆ?

ಇನ್ನು ಇನ್ಶೂರೆನ್ಸ್. ಹಳೆಯ ಕಾರಿನ ಪಾಲಿಸಿ ಸಾಮಾನ್ಯವಾಗಿ ಮಾಲೀಕರ ಖುಷಿಯ ಓಡಾಟಕ್ಕೆ ಮಾತ್ರ. ಬಾಡಿಗೆ, ರೇಸ್, ಶೂಟಿಂಗ್ ಅಂದರೆ ಅದು ಕೈ ಎತ್ತಬಹುದು. ಪ್ರೊಡಕ್ಷನ್‌ನವರು 'ನಮ್ಮ ಪಾಲಿಸಿ ಇದೆ' ಅನ್ನುತ್ತಾರೆ. ಅದರಲ್ಲಿ ನಿಮ್ಮ ಕಾರಿನ ಹೆಸರು, ಮೊದಲೇ ಒಪ್ಪಿದ ಬೆಲೆ, ಓಡಿಸುವವರ ಹೆಸರು, ಟ್ರಕ್ಕಿಗೆ ಹತ್ತಿಸಿ ಇಳಿಸುವಾಗಿನ ಹಾನಿ ಎಲ್ಲ ಬರೆದಿದೆಯಾ ನೋಡಿ. ಬರೆದಿದ್ದರೂ ಒಂದು ನಷ್ಟ ಯಾವ ಪಾಲಿಸಿಗೂ ಪೂರ್ತಿ ಸಿಗಲ್ಲ. ಮೊದಲಿನ ಫೆಂಡರ್ ಹೋಗಿ ಹೊಸದು ಬಂದರೆ ಕಾರು ರಿಪೇರಿಯಾಯಿತು ಅಷ್ಟೇ. ಫ್ಯಾಕ್ಟರಿಯಿಂದ ಬಂದ ಹಾಗೇ ಇದೆ ಅಂತ ಇನ್ನು ಹೇಳಿಕೊಳ್ಳೋ ಹಾಗಿಲ್ಲ.

ಮೇಸನ್ ಥರ ಷರತ್ತು ಹಾಕಿ ಅನ್ನೋದು ಸುಲಭ. ಅವರ ಎಂಜೋ ಸಿಗದಿದ್ದರೆ ಇನ್ನೊಂದು ಹುಡುಕೋದು ಕಷ್ಟವಿತ್ತು. ನಿಮ್ಮ ಷರತ್ತು ಜಾಸ್ತಿಯಾದರೆ ಅವರು ಅದೇ ಮಾಡೆಲ್‌ನ ಇನ್ನೊಬ್ಬ ಮಾಲೀಕರಿಗೆ ಫೋನ್ ಮಾಡುತ್ತಾರೆ. ಒಪ್ಪಲೇಬೇಕು ಅನ್ನಿಸಿದರೆ ಕಾರನ್ನು ನಿಲ್ಲಿಸಿ ಮಾತಾಡಲಿ. ಓಡಿಸಬೇಕಾದರೆ ನೀವೇ ಓಡಿಸಿ, ನಿರೂಪಕ ಪಕ್ಕದಲ್ಲಿ ಕೂರಲಿ.

ಆಗಲೂ ಒಂದು ಕೇಳುತ್ತಾರೆ: 'ಬಾನೆಟ್ ಮೇಲೆ ಪುಟ್ಟ ಕ್ಯಾಮೆರಾ ಅಂಟಿಸ್ತೀವಿ, ರಬ್ಬರ್ ಕಪ್ ಅಷ್ಟೇ, ಏನೂ ಆಗಲ್ಲ.' ಹಳೆಯ ಸೆಲ್ಯುಲೋಸ್ ಪೇಂಟು ಒಳಗೆ ಬಿರುಕು ಬಿಟ್ಟಿರುತ್ತದೆ, ಹೊರಗೆ ಹೊಳೆಯುತ್ತಿರುತ್ತದೆ. ಸಂಜೆ ಕಪ್ ಕೀಳುವಾಗ ಟಪ್ ಅನ್ನುತ್ತದೆ. ಕಪ್ಪಿನ ಒಳಗಡೆ ಅಂಗೈ ಅಗಲದ ಬಣ್ಣ ಅಂಟಿಕೊಂಡಿರುತ್ತದೆ. ಟಿವಿಯಲ್ಲಿ ಅದು ಕಾಣಲ್ಲ, ಕೊನೆಯ ಶಾಟನ್ನು ಹಿಂದಿನಿಂದ ತೆಗೆದಿರುತ್ತಾರೆ.