ಕಿಲೋ ಲೆಕ್ಕದಲ್ಲಿ ಭೀಮಸೇನ ಜೋಶಿ

ಇವತ್ತು ಬೆಳಿಗ್ಗೆ ಗುಜರಿಯವನು ನಮ್ಮ ವಿನೋಬನಗರದ ಮನೆ ಬಾಗಿಲಲ್ಲಿ ನಿಂತು ನನ್ನ ಕ್ಯಾಸೆಟ್ ಪೆಟ್ಟಿಗೆಯನ್ನು ತಕ್ಕಡಿಗೆ ಹಾಕಿ, "ಡಬ್ಬಿಗಷ್ಟೇ ರೇಟು ಸಾರ್, ಒಳಗಿನ ರೀಲು ಕಿತ್ತು ಕೊಡಿ" ಅಂದ. ಕಿತ್ತು! ಅದರೊಳಗೆ ಭೀಮಸೇನ ಜೋಶಿ ಇದ್ದಾರೆ ಮಾರಾಯ, ಗಂಗೂಬಾಯಿ ಹಾನಗಲ್ ಇದ್ದಾರೆ. ಅವನನ್ನು ಕರೆಸಿದ್ದು ಯಾರು ಅಂತ ಕೇಳಬೇಡಿ. ಅಡುಗೆಮನೆಯಲ್ಲಿ ಪಾತ್ರೆ ಸದ್ದು ಜಾಸ್ತಿಯಾಗಿತ್ತು, ಅಷ್ಟೇ.

800 ಕ್ಯಾಸೆಟ್, 200 ಎಲ್‌ಪಿ (ಗ್ರಾಮಫೋನ್ ತಟ್ಟೆ), ಎಲ್ಲಿಡಲಿ ಹೇಳಿ? ಅಟ್ಟಕ್ಕೆ ಹಾಕಿದರೆ ದಾವಣಗೆರೆ ಏಪ್ರಿಲ್ ಬಿಸಿಲಿಗೆ ಎಲ್‌ಪಿ ಹಪ್ಪಳದ ಹಾಗೆ ಸೊಟ್ಟ. ಮಂಚದ ಕೆಳಗಿಟ್ಟರೆ ಮಳೆಗಾಲದಲ್ಲಿ ಟೇಪಿಗೆ ಬಿಳಿ ಬೂಸ್ಟು. ಎಲ್‌ಪಿ ಮಲಗಿಸಬಾರದು, ಪುಸ್ತಕದ ಹಾಗೆ ನಿಲ್ಲಿಸಬೇಕು ಅಂತ ನೂರು ಸಲ ಹೇಳಿದ್ದೇನೆ. ನಿನ್ನೆ ನೋಡಿದರೆ ಮಲಗಿಸಿದ ಎಲ್‌ಪಿಗಳ ಮೇಲೆ ಹಳೇ ಗ್ರೈಂಡರ್, ಅದರ ಮೇಲೆ ಮಂಡಕ್ಕಿ ಚೀಲ!

"ಎಲ್ಲಾ ಫೋನಲ್ಲೇ ಸಿಗುತ್ತಲ್ಲಪ್ಪಾ" ಅಂತಾನೆ ಮಗ. ಸಿಗುತ್ತೆ ಕಣೋ. ರೇಡಿಯೋದಲ್ಲಿ ಬಂದ ಸಂಗೀತ ಕಚೇರಿಯನ್ನು 60 ನಿಮಿಷದ ಕ್ಯಾಸೆಟ್ಟಿಗೆ ತುಂಬಿಸುವಾಗ ಆಲಾಪದ ನಡುವೆ ನಿಮ್ಮಜ್ಜ ಕೆಮ್ಮಿದ್ದು, ಅಜ್ಜಿ "ಶ್ಶ್" ಅಂದಿದ್ದು ಫೋನಲ್ಲಿ ಸಿಗುತ್ತಾ?

ನಾನು ಹೋದ ಮೇಲೆ ತಿಥಿಯವರೆಗಾದರೂ ಕಾಯುತ್ತಾರಾ ಇವರು? ಗುಜರಿಯವನ ನಂಬರನ್ನು ಆಗಲೇ ಫ್ರಿಜ್ಜಿಗೆ ಅಂಟಿಸಿದ್ದಾರೆ.